‘ಯಾಕೆ ಕೂಗಲಿಲ್ಲ?’: ದೇಹ ಮರಗಟ್ಟುವ ಬಗೆ

ಈ ಕಂತಿನಲ್ಲಿ ಅತ್ಯಾಚಾರದ ಬಗ್ಗೆ ಮಾತಾಡ್ತೀವಿ. ಮಕ್ಕಳು ಜೊತೆಗಿದ್ದರೆ ಆಮೇಲೆ ಕೇಳಿ.

ಇಂಥ ಸುದ್ದಿ ಬಂದಾಗಲೆಲ್ಲ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಬಂದೇ ಬರುತ್ತೆ: "ಕೂಗಬಹುದಿತ್ತಲ್ಲ? ಮೈಮೇಲೆ ಒಂದು ಗಾಯವೂ ಇಲ್ವಂತೆ." ಇಷ್ಟವಿಲ್ಲದಿದ್ದರೆ ಯಾರೇ ಆಗಲಿ ಹೋರಾಡ್ತಾರೆ ಅನ್ನೋದು ಇದರ ಹಿಂದಿರುವ ನಂಬಿಕೆ.

ಕೋಳಿ ಸಾಕಿದವರಿಗೆ ಇದು ಗೊತ್ತಿರಬಹುದು. ಕೋಳಿಯನ್ನು ಅಂಗಾತ ಮಲಗಿಸಿ, ಸ್ವಲ್ಪ ಹೊತ್ತು ಅದುಮಿ ಹಿಡಿದು ಕೈ ಬಿಟ್ಟರೂ ಅದು ತಕ್ಷಣ ಏಳಲ್ಲ, ಸತ್ತಂತೆ ಬಿದ್ದಿರುತ್ತೆ. ಅದು ನಾಟಕವಲ್ಲ. ಓಡೋಕೂ ಹೊಡೆದಾಡೋಕೂ ದಾರಿಯಿಲ್ಲದಾಗ ಮಿದುಳಿನ ಬುಡದ ಹಳೆಯ ಭಾಗಗಳು ದೇಹದ ಚಲನೆಯನ್ನೇ ತಡೆದುಬಿಡುತ್ತವೆ. ವಿಜ್ಞಾನದಲ್ಲಿ ಇದು ಟಾನಿಕ್ ಇಮ್ಮೊಬಿಲಿಟಿ. ಮನುಷ್ಯರಲ್ಲೂ ಉಂಟು. ಪ್ರಜ್ಞೆ ಇರುತ್ತೆ, ನಡೆಯುತ್ತಿರೋದು ತಿಳಿಯುತ್ತೆ, ಆದರೆ ಕೈ ಏಳಲ್ಲ, ದನಿ ಹೊರಡಲ್ಲ. ಬೇಕೆಂದು ಮಾಡುವುದಲ್ಲ, ಬೇಡವೆಂದರೆ ನಿಲ್ಲುವುದೂ ಅಲ್ಲ.

ಎಷ್ಟು ಸಾಮಾನ್ಯ? ಸ್ಟಾಕ್‌ಹೋಮಿನಲ್ಲಿ ಅತ್ಯಾಚಾರಕ್ಕೊಳಗಾದ ಮಹಿಳೆಯರಿಗಾಗಿಯೇ ಇರುವ ತುರ್ತು ಚಿಕಿತ್ಸಾಲಯಕ್ಕೆ ಬಂದ 298 ಮಂದಿಯ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಶೇ 70ರಷ್ಟು ಮಹಿಳೆಯರು ಗಣನೀಯವಾಗಿ ಮರಗಟ್ಟಿದ್ದರು. ಶೇ 48ರಷ್ಟು ಮಂದಿಯಲ್ಲಿ ಅದು ತೀವ್ರವಾಗಿತ್ತು. ಹಾಗೆ ಮರಗಟ್ಟಿದವರಲ್ಲಿ ಆರು ತಿಂಗಳ ನಂತರ ಆಘಾತೋತ್ತರ ಒತ್ತಡದ ಕಾಯಿಲೆ ಮತ್ತು ತೀವ್ರ ಖಿನ್ನತೆ ಹೆಚ್ಚಾಗಿ ಕಂಡುಬಂದವು. ‘ಸುಮ್ಮನಿದ್ದಳು’ ಅಂತ ನಾವು ಯಾರನ್ನು ಅನುಮಾನಿಸ್ತೀವೋ, ಅವರಿಗೇ ಪೆಟ್ಟು ಜೋರು.

ಕೋರ್ಟುಗಳೂ ಇಲ್ಲಿ ಎಡವಿವೆ. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೆ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರವಾದ ಪ್ರಕರಣದಲ್ಲಿ, ಮೈಮೇಲೆ ಗಾಯದ ಗುರುತಿಲ್ಲ ಎಂಬುದನ್ನೂ ಎತ್ತಿಹಿಡಿದು ಸುಪ್ರೀಂ ಕೋರ್ಟು 1978ರಲ್ಲಿ ಇಬ್ಬರು ಪೊಲೀಸರನ್ನು ಖುಲಾಸೆ ಮಾಡಿತು. ದೇಶದಾದ್ಯಂತ ಪ್ರತಿಭಟನೆ ಎದ್ದು, 1983ರಲ್ಲಿ ಕಾನೂನು ಬದಲಾಯಿತು. ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿಗೆ ಇತ್ತು ಎನ್ನುವಂತಿಲ್ಲ ಎಂದು ಕಾನೂನಿನಲ್ಲಿ ಸ್ಪಷ್ಟವಾಗಿ ಬರೆಯಲು ಮಾತ್ರ 2013 ಬರಬೇಕಾಯಿತು. ಆಮೇಲೂ, 2020ರಲ್ಲಿ ಕರ್ನಾಟಕ ಹೈಕೋರ್ಟಿನ ಜಾಮೀನು ಆದೇಶವೊಂದು, ಘಟನೆಯ ನಂತರ ನಿದ್ದೆ ಹೋಗುವುದು ಭಾರತೀಯ ಹೆಣ್ಣಿಗೆ ತಕ್ಕುದಲ್ಲ ಎಂಬರ್ಥದ ಮಾತಾಡಿತ್ತು. ವಿರೋಧ ಬಂದ ಮೇಲೆ ಆ ಸಾಲನ್ನು ತೆಗೆದುಹಾಕಲಾಯಿತು.

ವಿಚಿತ್ರ ಅಂದ್ರೆ, ಕನ್ನಡಕ್ಕೆ ಈ ಸ್ಥಿತಿ ಮೊದಲೇ ಗೊತ್ತು. ಕಾಲ ಬಳಿ ಹಾವು ಹರಿದಾಗ "ಕೈಕಾಲೇ ಆಡಲಿಲ್ಲ", "ಬಾಯೇ ಬರಲಿಲ್ಲ" ಅಂದರೆ ಯಾರೂ ಸಾಕ್ಷಿ ಕೇಳಲ್ಲ. ಅದೇ ಮಾತನ್ನು ಅತ್ಯಾಚಾರಕ್ಕೊಳಗಾದವಳು ಹೇಳಿದರೆ ಅಡ್ಡಪ್ರಶ್ನೆ ಶುರು.

ಮುಂದಿನ ಕಂತಿನಲ್ಲಿ ನೆನಪಿನ ವಿಚಾರ: ಘಟನೆಯ ಹಿಂದುಮುಂದು ತಪ್ಪಿ ಹೇಳಿದರೆ ಅದು ಸುಳ್ಳೇ?