ಟೆಕ್ಸಸ್‌ನ ಗುಮ್ಮಟದಡಿ ಪಾಲಾದ ಅಧಿಕಾರ

ಆಸ್ಟಿನ್ ನಗರದ ಕಾಂಗ್ರೆಸ್ ಅವೆನ್ಯೂ ಹಿಡಿದು ಉತ್ತರಕ್ಕೆ ನಡೆದರೆ ಟೆಕ್ಸಸ್ ಶಾಸನಭವನ ಎದುರಾಗುತ್ತದೆ. ನಸುಗೆಂಪು ಗ್ರಾನೈಟಿನ ಈ ಕಟ್ಟಡ ಮುಗಿದದ್ದು 1888ರಲ್ಲಿ. ಕಟ್ಟಿಸಿದ ಕೂಲಿಗೆ ರಾಜ್ಯ ಕೊಟ್ಟದ್ದು 30 ಲಕ್ಷ ಎಕರೆ ಜಮೀನು. ಕಲ್ಲು ಒಡೆದವರಲ್ಲಿ ಕೈದಿಗಳೂ ಇದ್ದರು. ನಮ್ಮ ವಿಧಾನಸೌಧದ ಗ್ರಾನೈಟಿಗೂ ಕೈದಿಗಳ ಬೆವರು ತಾಗಿದೆ. ಆದರೆ ಒಳಗೆ ಅಧಿಕಾರ ನಡೆಯುವ ರೀತಿ ಪೂರಾ ಬೇರೆ.

ಗುಮ್ಮಟದ ಕೆಳಗೆ ನಿಂತರೆ ಸುತ್ತಲ ಗೋಡೆಯ ತುಂಬ ಗವರ್ನರುಗಳ ಭಾವಚಿತ್ರ. ಹೊಸಬರ ಚಿತ್ರ ಸೇರಿದಾಗಲೆಲ್ಲ ಉಳಿದವು ಒಂದೊಂದು ಜಾಗ ಹಿಂದೆ ಸರಿಯುತ್ತವೆ. ಈ ಸಾಲಿನಲ್ಲಿ ನಾನು ಹುಡುಕಿದ್ದು ಎಡ್ಮಂಡ್ ಡೇವಿಸ್ ಅವರನ್ನು. 1873ರ ಚುನಾವಣೆಯಲ್ಲಿ ಸೋತರೂ, ಅದು ಸಿಂಧುವಲ್ಲವೆಂಬ ಕೋರ್ಟಿನ ತೀರ್ಪು ಹಿಡಿದು ಡೇವಿಸ್ ಕುರ್ಚಿ ಬಿಡಲಿಲ್ಲ. 1874ರ ಜನವರಿಯಲ್ಲಿ ಹಳೆಯ ಶಾಸನಭವನದ ಕೆಳಮಹಡಿಯಲ್ಲಿ ಅವರ ಕಾವಲುಪಡೆ, ಮೇಲ್ಮಹಡಿಯಲ್ಲಿ ಗೆದ್ದ ರಿಚರ್ಡ್ ಕೋಕ್ ಅವರ ಬಳಗ. ಅಧ್ಯಕ್ಷ ಗ್ರಾಂಟ್ ಸೈನ್ಯ ಕಳಿಸಲೊಪ್ಪದ ಮೇಲೆ ಡೇವಿಸ್ ಇಳಿದರು.

ಪೊಲೀಸು, ನೇಮಕಾತಿ ಎಲ್ಲ ಒಬ್ಬರ ಮುಷ್ಟಿಯಲ್ಲಿದ್ದ ಆ ಕಾಲದ ಮೇಲಿನ ಸಿಟ್ಟಿನಲ್ಲೇ, ಅಧಿಕಾರವನ್ನು ಹಲವರಿಗೆ ಹಂಚುವ 1876ರ ಸಂವಿಧಾನ ಬರೆದರು. ಆ ಸಿಟ್ಟು ಅಪ್ಪಟವಾಗಿತ್ತೆಂದು ನಾನು ಒಪ್ಪಲಾರೆ. ಬಿಡುಗಡೆಗೊಂಡ ಗುಲಾಮರ ಹಕ್ಕಿನ ಪರ ಡೇವಿಸ್ ಸರ್ಕಾರ ನಿಂತಿತ್ತು, ಅವರ ಪೊಲೀಸರಲ್ಲಿ ಕಪ್ಪುವರ್ಣೀಯರೂ ಇದ್ದರು. ಅದನ್ನು ಸಹಿಸದವರ ಕೋಪವೂ ಇದರಲ್ಲಿ ಬೆರೆತಿತ್ತು.

ಎರಡನೆಯ ಮಹಡಿಯ ಪೂರ್ವಕ್ಕೆ ಸೆನೆಟ್, ಪಶ್ಚಿಮಕ್ಕೆ ಪ್ರತಿನಿಧಿ ಸಭೆ. ಸೆನೆಟ್ಟಿನ ಪೀಠ ಲೆಫ್ಟಿನೆಂಟ್ ಗವರ್ನರದು. ಯಾವ ಮಸೂದೆ ಯಾವ ಸಮಿತಿಗೆ ಹೋಗಬೇಕೆಂಬುದು ಅವರ ಕೈಯಲ್ಲಿದೆ. ಅವರನ್ನು ಗವರ್ನರ್ ಆರಿಸುವುದಿಲ್ಲ, ಜನ ಬೇರೆಯೇ ಮತ ಹಾಕಿ ಆರಿಸುತ್ತಾರೆ. ರಿಪಬ್ಲಿಕನ್ ಜಾರ್ಜ್ ಬುಷ್ ಗವರ್ನರಾಗಿದ್ದಾಗ ಈ ಪೀಠದಲ್ಲಿದ್ದವರು ಡೆಮಾಕ್ರಾಟ್ ಬಾಬ್ ಬುಲಕ್. ಅಟಾರ್ನಿ ಜನರಲ್, ಭೂ ಆಯುಕ್ತ, ಕೃಷಿ ಆಯುಕ್ತ, ಖಜಾನೆ ನೋಡುವ ಕಂಪ್ಟ್ರೋಲರ್ ಕೂಡ ನೇರ ಚುನಾವಣೆಯಿಂದಲೇ ಬರುವವರು. ನಮ್ಮಲ್ಲಿ ಮುಖ್ಯಮಂತ್ರಿ ಮನಸ್ಸು ಮಾಡಿದರೆ ಮಂತ್ರಿಯ ಖಾತೆ ಹೋಗುತ್ತದೆ. ಇಲ್ಲಿ ಗವರ್ನರ್ ಇವರಲ್ಲಿ ಒಬ್ಬರನ್ನೂ ಕದಲಿಸಲಾರರು. ಬಜೆಟ್ಟಿಗೆ ಬೇಕಾದಷ್ಟು ಆದಾಯ ಬರುತ್ತದೆಂದು ಕಂಪ್ಟ್ರೋಲರ್ ಪ್ರಮಾಣೀಕರಿಸಬೇಕು. ತೈಲ ಮತ್ತು ಅನಿಲದ ಬಾವಿಗಳ ಮೇಲೆ ಹಿಡಿತವಿರುವ ರೈಲ್‌ರೋಡ್ ಕಮಿಷನ್ನಿನ 3 ಸದಸ್ಯರೂ ಮತ ಕೇಳಿಯೇ ಬರಬೇಕು.

ಗುಮ್ಮಟದಡಿಯ ಗೋಡೆಯಲ್ಲಿ ಗವರ್ನರಾಗಿದ್ದ ಮಿರಿಯಂ ಫರ್ಗುಸನ್ ಅವರ ಚಿತ್ರವೂ ಇದೆ. ಅವರು ಕೈದಿಗಳಿಗೆ ಕೊಟ್ಟ ಕ್ಷಮಾದಾನಗಳ ಸಂಖ್ಯೆ ದೊಡ್ಡ ವಿವಾದವಾಯಿತು. 1936ರಲ್ಲಿ ಮತದಾರರು ಸಂವಿಧಾನ ತಿದ್ದಿ ಆ ಅಧಿಕಾರಕ್ಕೂ ಬೇಲಿ ಹಾಕಿದರು. ಕ್ಷಮಾದಾನ ಮಂಡಳಿಯ ಶಿಫಾರಸಿಲ್ಲದೆ ಗವರ್ನರ್ ಇಂದು ಮರಣದಂಡನೆಯನ್ನು ಒಮ್ಮೆ 30 ದಿನ ಮುಂದೂಡಬಹುದು, ಅಷ್ಟೆ. ಒಂದು ಜೀವದ ಪ್ರಶ್ನೆ ಬಂದಾಗ ಇಷ್ಟು ಬಿಗಿ ಬೇಕಿತ್ತೇ ಎಂದು ಆ ಚಿತ್ರದ ಮುಂದೆ ನನಗೆ ಅನ್ನಿಸಿತು.

ಹಾಗೆಂದು ಗವರ್ನರ್ ಬರಿಗೈಯವರಲ್ಲ. ಶಾಸಕಾಂಗದ ನಿಯತ ಅಧಿವೇಶನ ಎರಡು ವರ್ಷಕ್ಕೊಮ್ಮೆ, ಹೆಚ್ಚೆಂದರೆ 140 ದಿನ. ವಿಶೇಷ ಅಧಿವೇಶನ ಕರೆಯುವ ಹಕ್ಕು ಗವರ್ನರದು ಮಾತ್ರ. ಬಜೆಟ್ಟಿನ ಒಂದೊಂದು ಬಾಬನ್ನು ಬೇರೆಬೇರೆಯಾಗಿ ಹೊಡೆದುಹಾಕಲೂ ಬರುತ್ತದೆ. ಗವರ್ನರ್ ನೇಮಿಸುವ ಅನೇಕ ಮಂಡಳಿಗಳ ಸದಸ್ಯರಿಗೆ 6 ವರ್ಷದ ಅವಧಿ. ಬೇಗ ಇಳಿಯುವ ಗವರ್ನರ್ ಎಲ್ಲ ಜಾಗ ತುಂಬಲಾರರು. 2000ರಿಂದ 2015ರವರೆಗೆ ಕುರ್ಚಿಯಲ್ಲಿದ್ದ ರಿಕ್ ಪೆರಿ ಮಾತ್ರ ಎಲ್ಲೆಲ್ಲೂ ತಮ್ಮವರನ್ನು ಕೂರಿಸಿದರು. 1876ರ ಸಂವಿಧಾನ ಉಳಿಸಿದ ದೊಡ್ಡ ಕಂಡಿ ಇದೇ: ಟೆಕ್ಸಸ್‌ನಲ್ಲಿ ಒಬ್ಬರು ಎಷ್ಟು ಸಲ ಬೇಕಾದರೂ ಗವರ್ನರಾಗಬಹುದು.