ನೀರು ನೋಡಿ ಮನೆ ಕೊಳ್ಳಿ

2020ರ ಮೇ 19ರ ಸಂಜೆ ಅಮೆರಿಕದ ಮಿಷಿಗನ್ ರಾಜ್ಯದ ಈಡನ್‌ವಿಲ್ ಅಣೆಕಟ್ಟೆಯ ಮಣ್ಣಿನ ಏರಿ ಕುಸಿಯಿತು. ಅದರ ಹಿಂದೆ ನಿಂತಿದ್ದ ವಿಕ್ಸಮ್ ಲೇಕ್ ಬರಿದಾಯಿತು. ಆ ನೀರು ನುಗ್ಗಿದ ರಭಸಕ್ಕೆ ಕೆಳಗಿನ ಸ್ಯಾನ್‌ಫರ್ಡ್ ಅಣೆಕಟ್ಟೆಯೂ ಒಡೆಯಿತು. ಸುಮಾರು ಹತ್ತು ಸಾವಿರ ಜನ ಮನೆ ಬಿಟ್ಟು ಹೊರಡಬೇಕಾಯಿತು. ಪುಣ್ಯಕ್ಕೆ ಯಾರ ಪ್ರಾಣವೂ ಹೋಗಲಿಲ್ಲ. ವಿಕ್ಸಮ್ ದಂಡೆಯಲ್ಲಿ ರಜಾದಿನಗಳಿಗೆಂದು ಮನೆ ಮಾಡಿಕೊಂಡಿದ್ದವರಿಗೆ ಆದದ್ದು ಇನ್ನೊಂದು ಬಗೆಯ ನಷ್ಟ. ಮನೆಯ ಗೋಡೆ, ಚಾವಣಿ ನೆಟ್ಟಗಿದ್ದವು. ದೋಣಿ ಕಟ್ಟುವ ಅಟ್ಟಣೆ ಕೆಸರಿನ ಮೇಲೆ ನಿಂತಿತ್ತು. ಕಣ್ಣಳತೆಯವರೆಗೂ ಮರದ ಬೊಡ್ಡೆಗಳು, ಹೂಳು. ಯಾವುದನ್ನು ನೋಡಿ ಅವರು ದುಡ್ಡು ಕೊಟ್ಟಿದ್ದರೋ ಅದೊಂದೇ ಅಲ್ಲಿ ಇರಲಿಲ್ಲ.

1924ರ ಹೊತ್ತಿನ ಆ ಏರಿಗೆ ಕೋಡಿ ಸಾಲದು, ದೊಡ್ಡ ಮಳೆ ಬಂದರೆ ನೀರು ಹೊರಹೋಗಲು ದಾರಿಯಿಲ್ಲ ಎಂಬುದು ಗುಟ್ಟಾಗಿರಲಿಲ್ಲ. ಕೇಂದ್ರ ಇಂಧನ ನಿಯಂತ್ರಣ ಆಯೋಗ ಇದೇ ಕಾರಣ ಕೊಟ್ಟು 2018ರಲ್ಲೇ ಅದರ ಜಲವಿದ್ಯುತ್ ಪರವಾನಗಿಯನ್ನು ರದ್ದು ಮಾಡಿತ್ತು. ಏರಿಯೊಳಗಿನ ಸಡಿಲ ಮರಳು ನೀರು ಕುಡಿದು ಒಮ್ಮೆಗೇ ಬಿಗಿ ಕಳೆದುಕೊಂಡು ದ್ರವದಂತೆ ಹರಿದದ್ದು ಕುಸಿತಕ್ಕೆ ಮೂಲ ಎಂದು 2022ರ ತಜ್ಞರ ವರದಿ ಹೇಳಿತು. ಅಂದರೆ ಆಯೋಗದ ಕಡತ ಒಮ್ಮೆ ಓದಿದವರಿಗೂ ಅಪಾಯದ ಒಂದು ಭಾಗ ತಿಳಿಯುತ್ತಿತ್ತು. ಆದರೆ ಮನೆ ಕೊಳ್ಳಲು ಹೋದವರು ಅಡುಗೆಮನೆ ನೋಡುತ್ತಾರೆ, ಚಾವಣಿ ಸೋರುತ್ತದೆಯೇ ಎಂದು ಕೇಳುತ್ತಾರೆ. ಏರಿಯ ಕಡತ ಕೇಳುವವರು ಕಡಿಮೆ.

ಮಿನ್ನೆಸೋಟ, ವಿಸ್ಕಾನ್ಸಿನ್, ಮಿಷಿಗನ್ ರಾಜ್ಯಗಳಲ್ಲಿ ಲೇಕ್ ಹೌಸ್ ಎಂಬುದು ಸಾಮಾನ್ಯ ಕುಟುಂಬಗಳ ಕನಸು. ಹತ್ತು ಎಕರೆಗಿಂತ ದೊಡ್ಡ ಸರೋವರಗಳೇ ಮಿನ್ನೆಸೋಟದಲ್ಲಿ 11,842 ಇವೆ. ಡೆಟ್ರಾಯಿಟ್, ಮಿನಿಯಾಪೊಲಿಸ್, ಶಿಕಾಗೊ ಸುತ್ತ ನೆಲೆಸಿದ ಕನ್ನಡದ ಮನೆಗಳಲ್ಲೂ ಈ ಮಾತು ಬರುತ್ತದೆ: ಊರಿನಲ್ಲೊಂದು ಸೈಟು ತೆಗೆದುಕೊಳ್ಳುವುದೋ, ಇಲ್ಲೇ ನೀರಿನ ಪಕ್ಕದಲ್ಲಿ ಒಂದು ಪುಟ್ಟ ಮನೆಯೋ? ಸಾಲದ ಬಡ್ಡಿ, ದಾರಿಯ ದೂರ ಎಲ್ಲ ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ಬಹುಪಾಲು ಬಿಟ್ಟುಹೋಗುವುದು ಸರೋವರ. ಮನೆ ಹಾಳಾದರೆ ಬಡಗಿಯನ್ನು ಕರೆಸಬಹುದು, ನೀರು ಹಾಳಾದರೆ ಒಬ್ಬ ಮಾಲೀಕನ ಕೈಯಲ್ಲಿ ಏನೂ ಇಲ್ಲ. ಹಾಗಾಗಿ ತೂಗಿ ನೋಡಬೇಕಾದದ್ದು ಮೊದಲು ನೀರನ್ನೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಬೇಕಾದ ವಿಜ್ಞಾನ ಕಷ್ಟದ್ದೇನಲ್ಲ.

ಮೊದಲ ಪ್ರಶ್ನೆ, ಈ ನೀರು ಎಲ್ಲಿಂದ ಬರುತ್ತದೆ? ಸುಮಾರು ಹತ್ತು ಹನ್ನೆರಡು ಸಾವಿರ ವರ್ಷಗಳ ಹಿಂದೆ ಹಿಮನದಿಗಳು ಹಿಂದೆ ಸರಿದಾಗ, ಮಣ್ಣಿನಡಿ ಹೂತುಹೋದ ಮಂಜುಗಡ್ಡೆಯ ಬಂಡೆಗಳು ಕರಗಿ ಉಳಿದ ಗುಂಡಿಗಳೇ ಈ ಭಾಗದ ಅಸಂಖ್ಯ ಸರೋವರಗಳು. ಅವುಗಳಲ್ಲಿ ಕೆಲವಕ್ಕೆ ಹೊಳೆ ಬಂದು ಸೇರುವುದೂ ಇಲ್ಲ, ಹೊರಗೆ ಹರಿದು ಹೋಗುವುದೂ ಇಲ್ಲ. ಮಳೆ ಮತ್ತು ಅಂತರ್ಜಲವೇ ಅವುಗಳ ಜೀವ. ಇಂಥವು ಸಾಮಾನ್ಯವಾಗಿ ತಿಳಿಯಾಗಿರುತ್ತವೆ, ಆದರೆ ಅಂತರ್ಜಲ ಏರಿದರೆ ಏರುತ್ತವೆ, ಇಳಿದರೆ ಇಳಿಯುತ್ತವೆ. ಇಂದು ಮನೆಯ ಮೆಟ್ಟಿಲಿಗೆ ತಾಗುವ ನೀರು ಮುಂದೆ ಬರಗಾಲದಲ್ಲಿ ನೂರಡಿ ಆಚೆ ಸರಿಯಬಹುದು. ಇನ್ನು ಕೆಲವಕ್ಕೆ ಹೊಳೆ, ಕಾಲುವೆಗಳು ಬಂದು ಸೇರುತ್ತವೆ. ಅವುಗಳ ಮಟ್ಟ ಅಷ್ಟು ಏರಿಳಿಯದು, ಆದರೆ ಮೇಲಿನ ಹೊಲಗದ್ದೆಯ ಗೊಬ್ಬರವೆಲ್ಲ ಒಳಗೆ ಬರುತ್ತದೆ. ಮೂರನೆಯವು ವಿಕ್ಸಮ್‌ನಂತೆ ಏರಿ ಕಟ್ಟಿ ನಿಲ್ಲಿಸಿದವು. ಅಲ್ಲಿ ಏರಿಯ ಒಡೆಯ ಯಾರು, ರಿಪೇರಿಯ ಖರ್ಚು ಯಾರ ತಲೆಗೆ ಎಂದು ಕೇಳದೆ ಮುಂಗಡ ಕೊಡಬಾರದು.

ಜಲಾನಯನ ಪ್ರದೇಶ, ಅಂದರೆ ಮಳೆ ಬಿದ್ದಾಗ ಯಾವ ನೆಲದ ನೀರೆಲ್ಲ ಹರಿದು ಇಲ್ಲಿಗೆ ಸೇರುತ್ತದೋ ಆ ನೆಲ, ಸರೋವರದ ವಿಸ್ತಾರಕ್ಕಿಂತ ಎಷ್ಟು ಪಟ್ಟು ದೊಡ್ಡದು ಎಂಬುದನ್ನು ನಕ್ಷೆಯಲ್ಲೇ ನೋಡಬಹುದು. ಹತ್ತು ಪಟ್ಟಿಗಿಂತ ಹೆಚ್ಚಿದ್ದು, ಆ ನೆಲವೆಲ್ಲ ಜೋಳ, ಸೋಯಾ ಬೆಳೆಯುವ ಹೊಲವಾಗಿದ್ದರೆ, ಬೇಸಿಗೆಯ ಕೊನೆಯಲ್ಲಿ ನೀರು ಹಸಿರಾಗುವುದನ್ನು ನಿರೀಕ್ಷಿಸಿ.

ಹಸಿರಾಗಿಸುವುದು ಯಾವುದು? 1960ರ ದಶಕದಲ್ಲಿ ಇದು ದೊಡ್ಡ ವಿವಾದ. ಇಂಗಾಲವೇ ಕಾರಣ, ಫಾಸ್ಫರಸ್ ಅಲ್ಲ ಎಂದು ಸಾಬೂನು ಪುಡಿ ತಯಾರಕರ ಪರವಾಗಿ ವಾದಗಳು ನಡೆದಿದ್ದವು. ಕೆನಡಾದ ವಿಜ್ಞಾನಿ ಡೇವಿಡ್ ಶಿಂಡ್ಲರ್ ಪ್ರಯೋಗಾಲಯದ ಸೀಸೆಗಳನ್ನು ಬಿಟ್ಟು ಇಡೀ ಸರೋವರವನ್ನೇ ಪ್ರಯೋಗಕ್ಕೆ ತೆಗೆದುಕೊಂಡರು. ಒಂಟಾರಿಯೊದ ಕಾಡಿನ ನಡುವೆ 226 ಎಂಬ ಸಂಖ್ಯೆಯ ಸರೋವರವಿತ್ತು, ನಡು ಕಿರಿದಾಗಿ ಎರಡು ಹೊಂಡಗಳಂತೆ. 1973ರಲ್ಲಿ ಆ ನಡುವಿಗೆ ವಿನೈಲ್ ಪರದೆ ಇಳಿಬಿಟ್ಟು ಎರಡನ್ನೂ ಬೇರ್ಪಡಿಸಿದರು. ಒಂದು ಕಡೆಗೆ ಇಂಗಾಲ ಮತ್ತು ಸಾರಜನಕ ಹಾಕಿದರು. ಇನ್ನೊಂದು ಕಡೆಗೆ ಅವೆರಡರ ಜೊತೆಗೆ ಫಾಸ್ಫರಸ್. ಕೆಲವೇ ವಾರಗಳಲ್ಲಿ ಫಾಸ್ಫರಸ್ ಬಿದ್ದ ಪಾಲು ಪಾಚಿಯಿಂದ ದಟ್ಟ ಹಸಿರಾಯಿತು, ಪರದೆಯ ಈಚೆಗಿನ ನೀರು ಮೊದಲಿನಂತೆ ಕಪ್ಪಾಗಿ ತಿಳಿಯಾಗಿಯೇ ಉಳಿಯಿತು. ಮೇಲಿನಿಂದ ತೆಗೆದ ಆ ಒಂದು ಫೋಟೊ ಸರ್ಕಾರಗಳ ಮನಸ್ಸನ್ನು ಬದಲಿಸಿತು. ಒಂದು ವೈಜ್ಞಾನಿಕ ಪ್ರಯೋಗ ಇಷ್ಟು ನೇರವಾಗಿ ಜನಜೀವನಕ್ಕೆ ಒದಗಿದ ಉದಾಹರಣೆ ನನಗೆ ಬೇರೆ ಹೊಳೆಯುವುದಿಲ್ಲ. ಒಂದು ಕಿಲೊ ಫಾಸ್ಫರಸ್ ಐನೂರು ಕಿಲೊವರೆಗೆ ಹಸಿ ಪಾಚಿ ಬೆಳೆಸಬಲ್ಲದು. 2005ರಿಂದ ಮಿನ್ನೆಸೋಟ ಹುಲ್ಲುಹಾಸಿಗೆ ಹಾಕುವ ಗೊಬ್ಬರದಲ್ಲಿ ಫಾಸ್ಫರಸ್ ಬಳಕೆಯನ್ನು ರಾಜ್ಯದುದ್ದಕ್ಕೂ ನಿರ್ಬಂಧಿಸಿದ್ದರ ಹಿಂದೆ ಇರುವುದು ಈ ತಿಳಿವಳಿಕೆಯೇ.

ಬೆಂಗಳೂರಿನವರಿಗೆ ಇದರ ಪರಿಣಾಮವನ್ನು ವಿವರಿಸಿ ಹೇಳಬೇಕಿಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ಎಂಬಂತೆ ಸರಪಳಿಯಾಗಿ ಕಟ್ಟಿದ ವ್ಯವಸ್ಥೆ ನಮ್ಮದು. ಆ ಸರಪಳಿಯ ಕೆಳತುದಿಯ ಹತ್ತಿರ ಇರುವ, ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಗೆ ಮಳೆನೀರಿನ ಬದಲು ಒಳಚರಂಡಿ ನೀರು ಸೇರತೊಡಗಿದಾಗ ನೊರೆ ರಸ್ತೆಗೆ ಹಾರಿ ಬಂತು. 2017ರ ಫೆಬ್ರುವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಅಲ್ಲಿ ಬೆಂಕಿಯೇ ಹೊತ್ತಿತು. ಕೆರೆ ಕಾಣುತ್ತದೆ ಎಂದು ಹೆಚ್ಚು ಹಣ ಕೊಟ್ಟು ಫ್ಲ್ಯಾಟು ಕೊಂಡವರು ಅದೇ ಕಿಟಕಿಯನ್ನು ಮುಚ್ಚಿಕೊಳ್ಳಬೇಕಾದ ಸ್ಥಿತಿ ಬಂತು. ನನಗೆ ನೋವಾಗುವುದು ಆ ಕೆರೆಯ ಬಗ್ಗೆ, ಅದು ಮಾಡಿದ ತಪ್ಪೇನೂ ಇರಲಿಲ್ಲ.

ಅಮೆರಿಕದ ಸರೋವರದ ದಂಡೆಗಳಲ್ಲಿ ಅನೇಕ ಕಡೆ ಒಳಚರಂಡಿ ಇಲ್ಲ. ಅಂಥಲ್ಲಿ ಪ್ರತಿ ಮನೆಗೂ ಅದರದೇ ಸೆಪ್ಟಿಕ್ ಟ್ಯಾಂಕು, ಅದರಿಂದ ಹೊರಬಂದ ನೀರು ಇಂಗಲು ಒಂದಿಷ್ಟು ನೆಲ. ಮಣ್ಣಿನಲ್ಲಿರುವ ಕಬ್ಬಿಣ, ಅಲ್ಯುಮಿನಿಯಂ, ಸುಣ್ಣದಂಶ ಫಾಸ್ಫರಸ್ಸನ್ನು ಹಿಡಿದಿಟ್ಟುಕೊಳ್ಳುತ್ತವೆ, ಆದರೆ ಒಂದು ಮಿತಿಯವರೆಗೆ ಮಾತ್ರ. ದಂಡೆಯ ಮಣ್ಣು ಹೆಚ್ಚಾಗಿ ಮರಳು, ಅಂತರ್ಜಲವೋ ಕೆಲವೇ ಅಡಿ ಕೆಳಗೆ. ಎರಡು ಕೋಣೆಯ ಹಳೆಯ ಕ್ಯಾಬಿನ್‌ಗೆ ಅಂದು ಹಾಕಿದ ಟ್ಯಾಂಕು, ಈಗ ರಜೆಗೆ ಹನ್ನೆರಡು ಜನ ಬಂದಿಳಿಯುವ ಮನೆಯ ಭಾರ ಹೊರುವುದಿಲ್ಲ. ಮಿನ್ನೆಸೋಟದ ಹಲವು ಕೌಂಟಿಗಳಲ್ಲಿ ಮಾರಾಟದ ಹೊತ್ತಿಗೆ ಸೆಪ್ಟಿಕ್ ತಪಾಸಣೆ ಕಡ್ಡಾಯ. ಕಡ್ಡಾಯವಿಲ್ಲದ ಕಡೆ ನೀವೇ ಮಾಡಿಸಿ. ಅಕ್ಕಪಕ್ಕದ ಮನೆಗಳ ಟ್ಯಾಂಕು ಎಷ್ಟು ಹಳೆಯದು ಎಂದು ಕೇಳುವುದಕ್ಕೂ ಸಂಕೋಚ ಬೇಡ, ಏಕೆಂದರೆ ಅವರ ಟ್ಯಾಂಕಿನ ನೀರೂ ನೀವು ಈಜುವ ನೀರಿಗೇ ಬರುತ್ತದೆ.

ಇನ್ನು ಯಾವಾಗ ಹೋಗಿ ನೋಡಬೇಕು? ಮಾರುವವರು ತೋರಿಸುವುದು ಮೇ, ಜೂನ್‌ನಲ್ಲಿ. ಆಗ ಎಲ್ಲ ಸರೋವರವೂ ಚೆಂದ. ನೀರು ಅತಿ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮಂಜುಗಡ್ಡೆ ಕರಗಿದ ಕೂಡಲೇ ಮೇಲಿನಿಂದ ತಳದವರೆಗೆ ಒಂದೇ ಉಷ್ಣಾಂಶ ಇರುವುದರಿಂದ ಗಾಳಿ ಬೀಸಿದರೆ ಇಡೀ ನೀರು ಮಗುಚಿ, ಆಮ್ಲಜನಕ ತಳಕ್ಕೂ ಮುಟ್ಟುತ್ತದೆ. ಬೇಸಿಗೆ ಏರಿದಂತೆ ಮೇಲಿನ ನೀರು ಬಿಸಿಯಾಗಿ ಹಗುರವಾಗುತ್ತದೆ, ತಣ್ಣನೆಯ ಭಾರದ ನೀರು ಕೆಳಗೇ ಉಳಿಯುತ್ತದೆ, ಎರಡೂ ಬೆರೆಯುವುದು ನಿಂತುಹೋಗುತ್ತದೆ. ಮೇಲಿನಿಂದ ಸತ್ತು ಬಿದ್ದ ಪಾಚಿಯನ್ನು ಬ್ಯಾಕ್ಟೀರಿಯಾಗಳು ಕೊಳೆಸುತ್ತಾ ತಳದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಆಗ ನಡೆಯುವುದನ್ನು ಕ್ಲಿಫರ್ಡ್ ಮಾರ್ಟಿಮರ್ 1941ರಲ್ಲಿ ಇಂಗ್ಲೆಂಡಿನ ಎಸ್ತ್‌ವೇಟ್ ಸರೋವರದ ಅಧ್ಯಯನದಿಂದ ವಿವರಿಸಿದರು: ಆಮ್ಲಜನಕ ಇರುವಷ್ಟು ಕಾಲ ಹೂಳಿನ ಕಬ್ಬಿಣ ಫಾಸ್ಫರಸ್ಸನ್ನು ಬಿಗಿಹಿಡಿದಿರುತ್ತದೆ, ಆಮ್ಲಜನಕ ತೀರಿದರೆ ಕಬ್ಬಿಣ ಕರಗಿ ಹಿಡಿತ ಬಿಡುತ್ತದೆ. ಐವತ್ತು ವರ್ಷದಿಂದ ಹೂಳಿನಲ್ಲಿ ಕೂತ ಫಾಸ್ಫರಸ್ ಮತ್ತೆ ನೀರಿಗೆ ಬರುತ್ತದೆ. ಹೊಲಗಳಿಂದ ಬರುವುದನ್ನು ಪೂರ್ತಿ ತಡೆದರೂ ಸರೋವರ ಬೇಗ ಸುಧಾರಿಸದೆ ಇರುವುದಕ್ಕೆ ಇದೇ ಕಾರಣ. ನಮ್ಮ ಪಟಿಕಕ್ಕೆ ಹತ್ತಿರದ ಅಲ್ಯುಮಿನಿಯಂ ಸಲ್ಫೇಟ್ ಸುರಿದು ಫಾಸ್ಫರಸ್ಸನ್ನು ತಳದಲ್ಲಿ ಕಟ್ಟಿಹಾಕುವ ಚಿಕಿತ್ಸೆಯೊಂದು ಉಂಟು. ದುಬಾರಿ ಕೆಲಸ, ದಂಡೆಯ ಮನೆಯವರೇ ಅನೇಕ ಕಡೆ ಹಣ ಕೂಡಿಸಬೇಕಾಗುತ್ತದೆ. ಬೇಸಿಗೆಯಿಡೀ ನಡೆಯುವ ಈ ಬದಲಾವಣೆಯಿಂದಾಗಿ ಸರೋವರದ ನಿಜವಾದ ಆರೋಗ್ಯ ತಿಳಿಯುವುದು ಆಗಸ್ಟ್ ಕೊನೆಯಲ್ಲಿ.

ಅಳೆಯುವ ಸಾಧನ ಬಹಳ ಸರಳ. 1865ರಲ್ಲಿ ಇಟಲಿಯ ಖಗೋಳ ವಿಜ್ಞಾನಿ, ಪಾದ್ರಿ ಆಂಜೆಲೊ ಸೆಕ್ಕಿ ಪೋಪ್ ಅವರ ಹಡಗಿನಿಂದ ಬಿಳಿಯ ಬಿಲ್ಲೆಗಳನ್ನು ಸಮುದ್ರಕ್ಕೆ ಇಳಿಬಿಟ್ಟು ಅವು ಎಷ್ಟು ಆಳದವರೆಗೆ ಕಾಣುತ್ತವೆ ಎಂದು ನೋಡಿದರು. ಈಗ ಬಳಸುವುದು ಊಟದ ತಟ್ಟೆಗಿಂತ ತುಸು ಚಿಕ್ಕ, 20 ಸೆಂಟಿಮೀಟರ್ ಅಗಲದ ಕಪ್ಪು ಬಿಳುಪು ಬಿಲ್ಲೆ. ನಾಲ್ಕು ಮೀಟರ್ ಆಳದವರೆಗೆ ಕಂಡರೆ ನೀರು ಬಹಳ ಚೆನ್ನಾಗಿದೆ, ಎರಡು ಮೀಟರ್ ಪರವಾಗಿಲ್ಲ, ಒಂದು ಮೀಟರಿಗೇ ಮರೆಯಾದರೆ ಪಾಚಿ ಹೆಚ್ಚಿದೆ. ಮಿನ್ನೆಸೋಟದಲ್ಲಿ 1973ರಿಂದ ಸಾಮಾನ್ಯ ಜನರೇ ದೋಣಿಯಲ್ಲಿ ಹೋಗಿ ಹೀಗೆ ಅಳೆದು ಸರ್ಕಾರಕ್ಕೆ ಕೊಡುತ್ತಿದ್ದಾರೆ, ಅಂಕಿಗಳು ಎಲ್ಲರಿಗೂ ಲಭ್ಯ. ಒಂದು ವರ್ಷದ ಸಂಖ್ಯೆ ನೋಡಿ ತೀರ್ಮಾನಿಸಬೇಡಿ, ಇಪ್ಪತ್ತು ವರ್ಷದ ಏರಿಳಿತ ನೋಡಿ. ತಿಳಿನೀರು ಮನೆಯ ಬೆಲೆಯನ್ನೂ ಹೆಚ್ಚಿಸುತ್ತದೆ ಎಂದು ಮೇನ್ ಮತ್ತು ಮಿನ್ನೆಸೋಟದ ಅಧ್ಯಯನಗಳು ತೋರಿಸಿವೆ.

ಆದರೆ ಈ ಬಿಲ್ಲೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಉತ್ತರದ ಜೌಗು ಕಾಡುಗಳಿಂದ ಬರುವ ನೀರು ಎಲೆ, ಬೇರು ಕೊಳೆತ ಬಣ್ಣದಿಂದ ಕಂದಾಗಿರುತ್ತದೆ. ಬಿಲ್ಲೆ ಬೇಗ ಮರೆಯಾದರೂ ಆ ನೀರು ಕೊಳಕಲ್ಲ. ತದ್ವಿರುದ್ಧ ಉದಾಹರಣೆ ಜೀಬ್ರಾ ಮಸೆಲ್ ಎಂಬ ಪಟ್ಟೆಪಟ್ಟೆಯ ಚಿಪ್ಪುಜೀವಿ. 1980ರ ದಶಕದ ಕೊನೆಯಲ್ಲಿ ಹಡಗುಗಳ ನೀರಿನೊಂದಿಗೆ ಮಹಾಸರೋವರಗಳಿಗೆ ಬಂದು, ದೋಣಿಗಳಿಗೆ ಅಂಟಿಕೊಂಡು ಒಳನಾಡಿಗೂ ಹರಡಿದೆ. ಒಂದೊಂದೂ ದಿನಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಸೋಸಿ, ಮೀನಿನ ಮರಿಗಳಿಗೆ ಬೇಕಾದ ಆಹಾರವನ್ನೇ ತಿಂದುಬಿಡುತ್ತದೆ. ನೀರು ಗಾಜಿನಷ್ಟು ತಿಳಿಯಾಗುತ್ತದೆ, ಜೀವಜಾಲ ಬಡವಾಗುತ್ತದೆ, ದಂಡೆಯಲ್ಲಿ ಬರಿಗಾಲಿಟ್ಟರೆ ಚಿಪ್ಪು ಕೊಯ್ಯುತ್ತದೆ.

ಮಕ್ಕಳು, ನಾಯಿ ಇರುವ ಮನೆಯವರು ನೀಲಿ-ಹಸಿರು ಪಾಚಿಯ ವಿಷಯವನ್ನು ಪ್ರತ್ಯೇಕವಾಗಿ ವಿಚಾರಿಸಬೇಕು. ಇದು ಸಯನೋಬ್ಯಾಕ್ಟೀರಿಯಾ. ಕೆಲವು ಜಾತಿಗಳು ಯಕೃತ್ತನ್ನು ಹಾಳುಗೆಡಹುವ ಮೈಕ್ರೊಸಿಸ್ಟಿನ್ ಎಂಬ ವಿಷ ತಯಾರಿಸುತ್ತವೆ. 2014ರ ಆಗಸ್ಟ್‌ನಲ್ಲಿ ಈರಿ ಸರೋವರದಲ್ಲಿ ಇದು ಹೆಚ್ಚಿ, ಟೊಲಿಡೊ ನಗರ ಮತ್ತು ಸುತ್ತಲಿನ ಸುಮಾರು ನಾಲ್ಕು ಲಕ್ಷ ಜನ ನಲ್ಲಿ ನೀರು ಕುಡಿಯಬಾರದೆಂದು ಆದೇಶವಾಯಿತು. ಕುದಿಸಿದರೂ ಪ್ರಯೋಜನವಿಲ್ಲ, ನೀರು ಆವಿಯಾಗಿ ವಿಷ ಇನ್ನಷ್ಟು ಗಾಢವಾಗುತ್ತದೆ. ದಂಡೆಯ ಕೆನೆಗಟ್ಟಿದ ಪಾಚಿ ನೆಕ್ಕಿ ನಾಯಿಗಳು ಸಾಯುವುದುಂಟು. ಹವಾಮಾನವೂ ಬದಲಾಗುತ್ತಿದೆ: ವಿಸ್ಕಾನ್ಸಿನ್‌ನ ಮೆಂಡೋಟ ಸರೋವರದಲ್ಲಿ 1850ರ ದಶಕದಿಂದ ಬರೆದಿಟ್ಟ ದಾಖಲೆಗಳ ಪ್ರಕಾರ ಮಂಜುಗಡ್ಡೆ ಮುಚ್ಚಿರುವ ಅವಧಿ ಸುಮಾರು ಒಂದು ತಿಂಗಳು ಕಡಿಮೆಯಾಗಿದೆ. ಬೆಚ್ಚಗಿನ ಕಾಲ ಉದ್ದವಾದಷ್ಟೂ ಈ ಪಾಚಿಗೆ ಅನುಕೂಲ, ಹಾಗಾಗಿ ಇಂದಿನ ಅಂಕಿ ಚೆನ್ನಾಗಿದ್ದರೂ ಮುಂದಿನ ಮೂವತ್ತು ವರ್ಷದ ಸಾಲಕ್ಕೆ ಅದೇ ಭರವಸೆಯಲ್ಲ.

ಹಣದ ವಿಷಯದಲ್ಲಿ ಎರಡೇ ಮಾತು. ಸಾಮಾನ್ಯ ಗೃಹವಿಮೆ ಪ್ರವಾಹದ ನಷ್ಟ ತುಂಬಿಕೊಡುವುದಿಲ್ಲ, ಅದಕ್ಕೆ ಬೇರೆ ವಿಮೆ ಬೇಕು. ಮಿಷಿಗನ್‌ನಲ್ಲಿ ವಾಸದ ಮನೆಗೆ ಸಿಗುವ ತೆರಿಗೆ ವಿನಾಯಿತಿ ಎರಡನೆಯ ಮನೆಗೆ ಇಲ್ಲ. ಅಲ್ಲದೆ ಮನೆ ಕೈಬದಲಾದ ಮುಂದಿನ ವರ್ಷ ತೆರಿಗೆಯ ಮೌಲ್ಯದ ಏರಿಕೆಗಿದ್ದ ಮಿತಿ ಇಲ್ಲವಾಗುತ್ತದೆ, ಹಿಂದಿನ ಮಾಲೀಕರ ತೆರಿಗೆ ರಸೀದಿ ನೋಡಿ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ.

ಇಷ್ಟೆಲ್ಲ ನೋಡಿದ ಮೇಲೂ ಮನಸ್ಸು ಒಪ್ಪಿದರೆ, ಕೊಳ್ಳುವ ಮುಂಚೆ ಅದೇ ಸರೋವರದಲ್ಲಿ ಬೇರೊಂದು ಮನೆಯನ್ನು ಆಗಸ್ಟ್‌ನ ಎರಡು ವಾರ ಬಾಡಿಗೆಗೆ ಹಿಡಿಯಿರಿ. ಬಿಲ್ಲೆಯೊಂದನ್ನು ಒಯ್ಯಿರಿ, ಸರೋವರ ಸಂಘದ ಸಭೆಗೆ ಹೋಗಿ ಕೂತು ಕೇಳಿ. ಕೊಂಡ ಮೇಲೆ ಮೊದಲು ಮಾಡಬೇಕಾದದ್ದು ನೀರಿನ ಅಂಚಿನವರೆಗೆ ಬಂದ ಹುಲ್ಲುಹಾಸನ್ನು ಹಿಂದಕ್ಕೆ ಸರಿಸಿ, ದಂಡೆಯುದ್ದಕ್ಕೂ ಮೂವತ್ತಡಿ ಅಗಲದಲ್ಲಿ ಅಲ್ಲಿನದೇ ಜೊಂಡು, ಹೂಗಿಡ, ಪೊದೆಗಳನ್ನು ನೆಡುವುದು. ಅವುಗಳ ಆಳವಾದ ಬೇರು ದಂಡೆಯ ಮಣ್ಣನ್ನು ಹಿಡಿಯುತ್ತದೆ, ಹರಿದು ಬರುವ ಫಾಸ್ಫರಸ್ಸನ್ನು ಹೀರುತ್ತದೆ, ನೀರಂಚಿನ ಜೊಂಡು ಮೀನು ಮೊಟ್ಟೆಯಿಡಲು ಜಾಗ ಕೊಡುತ್ತದೆ. ಇದಕ್ಕೆ ಮನೆಯವರು ಒಪ್ಪುವರೇ, ನೋಟಕ್ಕೆ ಅಡ್ಡವಾಯಿತೆಂದು ಮುಂದಿನ ವರ್ಷವೇ ಕತ್ತರಿಸುವರೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಕೂತು ಮಾತಾಡಿಕೊಳ್ಳಿ.