ನಕ್ಷತ್ರದ ಕೊನೆಯ ಮಿಂಚು

ಗೋಕಾಕದ ಬಳಿ ಘಟಪ್ರಭೆಯು ಸುಮಾರು 170 ಅಡಿ ಎತ್ತರದಿಂದ ಧುಮುಕುತ್ತದೆ. ಆ ನೀರಿನ ಬಲವು 19ನೆಯ ಶತಮಾನದಲ್ಲಿಯೇ ಅಲ್ಲಿನ ನೂಲಿನ ಗಿರಣಿಯನ್ನು ನಡೆಸಿತು. ಬೀಳುವ ವಸ್ತುವಿನಿಂದ ಶಕ್ತಿಯು ದೊರೆಯುವುದೆಂಬ ಈ ನಿಯಮವು ಆಕಾಶದಲ್ಲಿಯೂ ಸಲ್ಲುತ್ತದೆ.

ಇಂಧನ ತೀರಿದ ಬೃಹತ್ ನಕ್ಷತ್ರದ ಒಡಲು ತನ್ನ ಭಾರದಿಂದಲೇ ಒಳಕ್ಕೆ ಕುಸಿಯುತ್ತದೆ. ಕೆಲವು ವೇಳೆ ಅಲ್ಲಿ ಕಪ್ಪುರಂಧ್ರವುಂಟಾಗಿ, ಅದರತ್ತ ಬೀಳುವ ದ್ರವ್ಯದ ಶಕ್ತಿಯು ಗಾಮಾ ಕಿರಣಗಳ ಸ್ಫೋಟವಾಗಿ ಹೊಮ್ಮುತ್ತದೆ. ಸೂರ್ಯನು ತನ್ನ ಆಯುಷ್ಯದಲ್ಲೆಲ್ಲ ಬೀರುವಷ್ಟು ಶಕ್ತಿಯು ಆಗ ಕೆಲವೇ ಕ್ಷಣಗಳಲ್ಲಿ ಹೊರಬೀಳಬಲ್ಲದು.

ವಾಯುಮಂಡಲವು ಈ ಕಿರಣಗಳನ್ನು ತಡೆದು ಜೀವಿಗಳನ್ನು ಕಾಪಾಡುತ್ತದೆ. ಆದುದರಿಂದಲೇ ನೆಲದ ಮೇಲಿನ ದೂರದರ್ಶಕಗಳಿಗೆ ಅವು ಕಾಣವು. ಅಣುಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕವು ಹಾರಿಸಿದ್ದ ವೇಲಾ ಉಪಗ್ರಹಗಳು 1967ರಲ್ಲಿ ಅವನ್ನು ಮೊದಲ ಬಾರಿಗೆ ಕಂಡವು.

ಬೆಂಗಳೂರಿನಲ್ಲಿ ಜೋಡಿಸಲಾದ ಆಸ್ಟ್ರೋಸ್ಯಾಟ್ ಎಂಬ ನಮ್ಮ ಉಪಗ್ರಹವು 2015ರ ಸೆಪ್ಟೆಂಬರ್ 28ರಂದು ಗಗನವನ್ನೇರಿತು. ಅದರ ಕ್ಷ-ಕಿರಣ ಉಪಕರಣಗಳಲ್ಲೊಂದು ಅಕ್ಟೋಬರ್ 6ರಂದು, ಕಾರ್ಯಾರಂಭದ ದಿನವೇ, ಇಂತಹ ಸ್ಫೋಟವೊಂದನ್ನು ಗುರುತಿಸಿತು. 2023ರಲ್ಲಿ ಆ ಸಂಖ್ಯೆಯು 600ನ್ನು ಮುಟ್ಟಿತು. ಕೋಟ್ಯಂತರ ವರ್ಷಗಳ ಹಿಂದೆ ಹೊರಟ ಆ ಬೆಳಕು ನಮ್ಮನ್ನು ಹಾದುಹೋಗುವುದು ಕ್ಷಣಮಾತ್ರದಲ್ಲಿ. ಆಗ ಬಾನಿನಲ್ಲಿ ಎಚ್ಚತ್ತಿರುವ ಕಣ್ಣೊಂದು ಇಲ್ಲದಿದ್ದರೆ, ಆ ನಕ್ಷತ್ರವು ಅಳಿದ ಸುದ್ದಿಯು ನಮಗೆ ತಿಳಿಯದೆಯೇ ಹೋಗುತ್ತದೆ.